ಮೂರು ಬೆರಳಿನ ಹೆಜ್ಜೆಗುರುತು: ಥೆರೊಪಾಡ್ ಅನ್ನುವ ಮೊದಲು ಏನೇನು ನೋಡಬೇಕು?

#1 ಕೆಂಪುಕಲ್ಲು

ಥೆರೊಪಾಡ್‌ಗಳ, ಅಂದರೆ ಎರಡು ಕಾಲಲ್ಲಿ ನಡೆಯುವ ಮಾಂಸಾಹಾರಿ ಡೈನೋಸಾರ್‌ಗಳ, ಹೆಜ್ಜೆಗುರುತಿನ ಬಗ್ಗೆ ಚದುರಿದಂತೆ ಬರುತ್ತಿರುವ ಪ್ರಶ್ನೆಗಳನ್ನು ಒಂದೆಡೆ ತರೋಣ ಎಂದು ಈ ಎಳೆ. ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಜಾಗ ಇಟ್ಟುಕೊಳ್ಳೋಣ: ಅಮೆರಿಕದ ಕನೆಕ್ಟಿಕಟ್ ರಾಜ್ಯದ ರಾಕಿ ಹಿಲ್. 1966ರಲ್ಲಿ ಅಲ್ಲಿ ಸರ್ಕಾರಿ ಕಟ್ಟಡವೊಂದಕ್ಕೆ ಪಾಯ ತೋಡುವಾಗ ಬುಲ್ಡೋಜರ್ ಎತ್ತಿದ ಚಪ್ಪಡಿಯಡಿ ಮೂರು ಬೆರಳಿನ ಗುರುತುಗಳು ಕಂಡವು. ಒಟ್ಟು ಸುಮಾರು 2000. ಅದರಲ್ಲಿ ಸುಮಾರು 500 ಈಗ ಗುಮ್ಮಟದ ಕೆಳಗೆ ನೋಡಲು ಸಿಗುತ್ತವೆ. ಉಳಿದವನ್ನು ಮತ್ತೆ ಮಣ್ಣು ಹಾಕಿ ಮುಚ್ಚಿದ್ದಾರೆ. ಇದನ್ನು ಕೇಳಿ ಬೇಸರಪಡುವವರಿದ್ದಾರೆ, ಆದರೆ ಅದೇ ಸರಿಯಾದ ಕೆಲಸ. ಪದರಗಲ್ಲಿನ ಬಿರುಕಿಗೆ ನೀರಿಳಿದು ಚಳಿಗಾಲದಲ್ಲಿ ಹೆಪ್ಪುಗಟ್ಟಿದರೆ ಮೇಲ್ಮೈ ಹಾಳೆಹಾಳೆಯಾಗಿ ಏಳುತ್ತದೆ. ತೆರೆದಿಟ್ಟ ಗುರುತು ಕೆಲವೇ ವರ್ಷಗಳಲ್ಲಿ ಅಂಚು ಕಳೆದುಕೊಳ್ಳುತ್ತದೆ.

ಕಲ್ಲು ಈಸ್ಟ್ ಬರ್ಲಿನ್ ಎಂದು ಹೆಸರಿಟ್ಟ ಅಲ್ಲಿನ ಶಿಲಾಪದರದ್ದು, ಜುರಾಸಿಕ್ ಯುಗದ ಆರಂಭದ್ದು, ಸುಮಾರು 20 ಕೋಟಿ ವರ್ಷ ಹಳೆಯದು. ಗುರುತಿಗೆ ಕೊಟ್ಟ ಹೆಸರು ಯೂಬ್ರಾಂಟೀಸ್. ಗಮನಿಸಿ, ಇದು ಗುರುತಿನ ಹೆಸರು, ಪ್ರಾಣಿಯದಲ್ಲ. ಡೈಲೊಫೋಸಾರಸ್‌ನಂಥ ಪ್ರಾಣಿ ನಡೆದಿರಬೇಕು ಎನ್ನುತ್ತಾರೆ, ಆದರೆ ಡೈಲೊಫೋಸಾರಸ್ ಮೂಳೆ ಸಿಕ್ಕಿದ್ದು ದೂರದ ಅರಿಜೋನಾದಲ್ಲಿ.

ನನ್ನ ಪ್ರಶ್ನೆಗಳು ಮೂರು. ಮೂರು ಬೆರಳು ಕಂಡ ಮಾತ್ರಕ್ಕೆ ಥೆರೊಪಾಡ್ ಎನ್ನಬಹುದೇ? ವೇಗದ ಲೆಕ್ಕವನ್ನು ಎಷ್ಟು ನಂಬಬಹುದು? ಪಡಿಯಚ್ಚು ತೆಗೆಯುವುದಾದರೆ ಕಲ್ಲಿಗೆ ಹಾನಿಯಾಗದ ವಿಧಾನ ಯಾವುದು?

#2 ಮೂರ್ಬೆರಳು

ಮೊದಲನೆಯದಕ್ಕೆ ಉತ್ತರ: ಎನ್ನಲಾಗದು. ಆರ್ನಿಥೊಪಾಡ್ ಎಂಬ ಸಸ್ಯಾಹಾರಿ ಡೈನೋಸಾರ್‌ಗಳೂ ಮೂರು ಬೆರಳಿನ ಗುರುತನ್ನೇ ಬಿಡುತ್ತವೆ. ನಾನು ನೋಡುವ ಕ್ರಮ ಹೀಗೆ.

ಮೊದಲು ಉದ್ದ ಮತ್ತು ಅಗಲ. ಥೆರೊಪಾಡ್ ಗುರುತು ಸಾಮಾನ್ಯವಾಗಿ ಅಗಲಕ್ಕಿಂತ ಉದ್ದ ಜಾಸ್ತಿ, ಬೆರಳು ಸಪೂರ, ತುದಿ ಚೂಪು. ಆರ್ನಿಥೊಪಾಡ್‌ನದು ಉದ್ದ ಅಗಲ ಹೆಚ್ಚುಕಡಿಮೆ ಸಮ, ಬೆರಳು ಮೊಂಡು, ಹಿಮ್ಮಡಿ ದುಂಡು.

ಆಮೇಲೆ ಮೆತ್ತೆಗಳು. ಚೆನ್ನಾಗಿ ಉಳಿದ ಗುರುತಿನಲ್ಲಿ ಒಳಬೆರಳಿಗೆ 2, ನಡುಬೆರಳಿಗೆ 3, ಹೊರಬೆರಳಿಗೆ 4 ಮೆತ್ತೆಯ ತಗ್ಗು ಎಣಿಸಬಹುದು. ಇವು ಹೀಗೆ ಏರುವುದಕ್ಕೆ ಕಾರಣ ಆ ಬೆರಳುಗಳ ಮೂಳೆಗಳ ಸಂಖ್ಯೆ: 3, 4, 5. ಈ ಎಣಿಕೆ ಸಿಕ್ಕಿತೆಂದರೆ ಎಡಗಾಲೋ ಬಲಗಾಲೋ ಎಂಬುದೂ ಸಿಕ್ಕಿದಂತೆ. ಮೆತ್ತೆ ಅಳಿಸಿಹೋಗಿದ್ದರೆ ಹಿಮ್ಮಡಿ ನೋಡಿ. ಹೊರಬೆರಳಿನ ಬುಡದ ಮೆತ್ತೆಯೇ ಹಿಂದಕ್ಕೆ ಚಾಚಿ ಹಿಮ್ಮಡಿಯಾಗುತ್ತದೆ. ಹಾಗಾಗಿ ಒಳಬೆರಳಿನ ಹಿಂದೆ ಒಂದು ಕಚ್ಚು ಉಳಿಯುತ್ತದೆ. ಕಚ್ಚು ಇರುವುದು ದೇಹದ ನಡುಗೆರೆಯ ಕಡೆ.

ಕೊನೆಗೆ, ಒಂದೇ ಗುರುತು ನೋಡಿ ತೀರ್ಪು ಕೊಡಬಾರದು. ಸಾಲು ಬೇಕು. ಥೆರೊಪಾಡ್ ಸಾಲು ಕಿರಿದು, ಒಂದು ಕಾಲಿನ ಮುಂದೆ ಇನ್ನೊಂದು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ. ದೊಡ್ಡ ಆರ್ನಿಥೊಪಾಡ್‌ಗಳ ಸಾಲಿನಲ್ಲಿ ಪಾದ ಒಳಕ್ಕೆ ತಿರುಗಿರುವುದು ಹೆಚ್ಚು.

ಇಷ್ಟೆಲ್ಲ ಗೊತ್ತಿದ್ದವರ ನಡುವೆಯೂ ಒಮ್ಮತ ಬಾರದ ಜಾಗ ಆಸ್ಟ್ರೇಲಿಯಾದ ಲಾರ್ಕ್ ಕ್ವಾರಿ, ಕ್ವೀನ್ಸ್‌ಲ್ಯಾಂಡ್‌ನ ವಿಂಟನ್ ಹತ್ತಿರ. ಅಲ್ಲಿ 3000ಕ್ಕೂ ಮೇಲ್ಪಟ್ಟು ಗುರುತುಗಳಿವೆ. ದೊಡ್ಡ ಥೆರೊಪಾಡ್ ಒಂದು ಬಂದದ್ದಕ್ಕೆ ಸಣ್ಣ ಪ್ರಾಣಿಗಳೆಲ್ಲ ದಿಕ್ಕೆಟ್ಟು ಓಡಿದವು ಎಂದು 1984ರಲ್ಲಿ ಸಂಶೋಧಕರಾದ ಥಲ್ಬಾರ್ನ್ ಮತ್ತು ವೇಡ್ ಬರೆದರು. 2011ರಲ್ಲಿ ರೊಮಿಲಿಯೊ ಮತ್ತು ಸಾಲಿಸ್‌ಬರಿ ಅದೇ ದೊಡ್ಡ ಗುರುತುಗಳನ್ನು ಮತ್ತೆ ಅಳೆದು, ಅದು ಆರ್ನಿಥೊಪಾಡ್ ಎಂದರು. ಬೇಟೆಗಾರನೇ ಸಸ್ಯಾಹಾರಿಯಾದರೆ ಓಟದ ಕಥೆಯ ಆಧಾರ ಅಲುಗುತ್ತದೆ. ಇದಕ್ಕೆ ಥಲ್ಬಾರ್ನ್ ಒಪ್ಪಲಿಲ್ಲ. ಆದ್ದರಿಂದ ಗುರುತಿನ ಅಂಚು ಎಲ್ಲಿದೆ ಎಂದು ಎಳೆಯುವ ಒಂದು ಗೆರೆ ಎಷ್ಟು ದೊಡ್ಡ ವಿಷಯ ನೋಡಿ.

#3 ಕೆಸರುಪದರ

ಮೂರ್ಬೆರಳು ಅವರು ಪಾದದ ಕಡೆಯಿಂದ ಹೇಳಿದರು. ನಾನು ಕೆಸರಿನ ಕಡೆಯಿಂದ ಹೇಳುತ್ತೇನೆ, ಯಾಕೆಂದರೆ ತಪ್ಪು ಓದುವಿಕೆ ಬಹುಪಾಲು ಹುಟ್ಟುವುದು ಇಲ್ಲಿ.

ನೀವು ನೋಡುತ್ತಿರುವ ಮೇಲ್ಮೈ ಪ್ರಾಣಿ ಕಾಲಿಟ್ಟ ಮೇಲ್ಮೈಯೇ ಆಗಿರಬೇಕೆಂದಿಲ್ಲ. ಭಾರಕ್ಕೆ ಕೆಳಗಿನ ಪದರಗಳೂ ಬಗ್ಗುತ್ತವೆ. ಮೇಲಿನ ಪದರ ಸವೆದುಹೋಗಿ ಕೆಳಗಿನದು ತೆರೆದರೆ ಕಾಣುವುದು ಅಡಿಗುರುತು. ಅದರಲ್ಲಿ ಮೆತ್ತೆ ಇರುವುದಿಲ್ಲ, ಉಗುರು ಇರುವುದಿಲ್ಲ, ಬೆರಳು ದಪ್ಪವಾಗಿಯೋ ಮಸುಕಾಗಿಯೋ ಕಾಣುತ್ತವೆ. ಥೆರೊಪಾಡ್‌ನ ಅಡಿಗುರುತು ಆರ್ನಿಥೊಪಾಡ್‌ನಂತೆ ಕಾಣಲು ಇದೊಂದೇ ಸಾಕು. ಗುರುತಿನ ಪಕ್ಕ ಒಡೆದ ಅಂಚು ಸಿಕ್ಕರೆ ಅಡ್ಡಲಾಗಿ ನೋಡಿ. ಪದರಗಳು ತುಂಡಾಗದೆ ಬರೀ ಬಾಗಿದ್ದರೆ ಅಡಿಗುರುತು, ಪದರ ಕತ್ತರಿಸಿ ಪಾದ ಒಳಗೆ ಇಳಿದಿದ್ದರೆ ನಿಜವಾದ ಗುರುತು. ಸುತ್ತ ಕೆಸರು ಉಬ್ಬಿದ ಏರಿ ಇದ್ದರೆ ಅದೂ ನಿಜ ಗುರುತಿನ ಕಡೆಗೇ ಸಾಕ್ಷಿ.

ಇದಕ್ಕೆ ತದ್ವಿರುದ್ಧ ತೊಂದರೆ ತೀರ ಮೆದು ಕೆಸರಿನದು. ಕಾಲು ಆಳಕ್ಕೆ ಹೋಗಿ, ಮೇಲೆ ಬರುವಾಗ ಬೆರಳುಗಳು ಒಟ್ಟಾಗಿ ಹೊರಬರುತ್ತವೆ, ಕೆಸರು ಕುಸಿದು ಬೆರಳಿನ ಜಾಗ ಬರೀ ಸೀಳಾಗುತ್ತದೆ. ಗ್ರೀನ್‌ಲ್ಯಾಂಡ್‌ನ ಟ್ರಯಾಸಿಕ್ (ಜುರಾಸಿಕ್‌ಗೂ ಹಿಂದಿನ ಯುಗದ) ಗುರುತುಗಳಲ್ಲಿ ಇದನ್ನೇ ಗೇಟ್ಸಿ ಮತ್ತು ಜೊತೆಗಾರರು 1999ರಲ್ಲಿ ತೋರಿಸಿದರು. ಹೋಲಿಕೆಗೆ ಅವರು ಕೆಸರಿನಲ್ಲಿ ನಡೆಸಿದ್ದು ಟರ್ಕಿ ಕೋಳಿ ಮತ್ತು ಗಿನಿಕೋಳಿಯನ್ನು. ಆಮೇಲೆ ಗೇಟ್ಸಿ ಮತ್ತು ಫಾಕಿಂಗ್‌ಹ್ಯಾಮ್ ಗಸಗಸೆಯ ಮೇಲೆ ಗಿನಿಕೋಳಿ ನಡೆಯುವಾಗ ಎಕ್ಸ್‌ರೇಯಲ್ಲಿ ಪಾದ ಹಿಡಿದು, ಪ್ರತಿ ಕಾಳು ಎತ್ತ ಸರಿಯುತ್ತದೆ ಎಂದು ಗಣಕದಲ್ಲಿ ಲೆಕ್ಕ ಹಾಕಿದರು. ಗುರುತೆಂದರೆ ಪಾದದ ಅಚ್ಚಲ್ಲ, ಪಾದ ಒಳಹೋಗಿ ಹೊರಬಂದ ಇಡೀ ಚಲನೆಯ ಅವಶೇಷ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಟೆಕ್ಸಾಸ್‌ನ ಗ್ಲೆನ್ ರೋಸ್ ಹತ್ತಿರ ಪಲಕ್ಸಿ ನದಿಪಾತ್ರದಲ್ಲಿ ಡೈನೋಸಾರ್ ಗುರುತಿನ ಜೊತೆ ಮನುಷ್ಯನ ಹೆಜ್ಜೆಯೂ ಇದೆ ಎಂದು ಎದ್ದ ಗದ್ದಲಕ್ಕೂ ಮೂಲ ಇಂಥದ್ದೇ ತಪ್ಪು ಓದುವಿಕೆ. ಥೆರೊಪಾಡ್ ತನ್ನ ಪಾದದ ಮೇಲ್ಭಾಗದ ಉದ್ದ ಮೂಳೆಯನ್ನೂ ನೆಲಕ್ಕೆ ಊರಿ ನಡೆದಾಗ ಉದ್ದನೆಯ ಗುರುತು ಬೀಳುತ್ತದೆ. ಬೆರಳಿನ ತಗ್ಗುಗಳಲ್ಲಿ ಬೇರೆ ಹೂಳು ತುಂಬಿ ಗಟ್ಟಿಯಾದರೆ ಉಳಿದದ್ದು ಮನುಷ್ಯನ ಪಾದದಂತೆ ಕಾಣುತ್ತದೆ. 1980ರ ದಶಕದಲ್ಲಿ ಗ್ಲೆನ್ ಕ್ಯೂಬನ್ ಆ ತುಂಬಿದ ಹೂಳಿನ ಬಣ್ಣದ ವ್ಯತ್ಯಾಸವನ್ನು ದಾಖಲಿಸಿ, ಬೆರಳಿನ ರೂಪ ತೋರಿಸಿಕೊಟ್ಟ ಮೇಲೆ ವಿಷಯ ಇತ್ಯರ್ಥವಾಯಿತು. ಬಂಡೆಯನ್ನು ನೀರಿನಲ್ಲಿ ತೊಳೆದು ಬಣ್ಣ ನೋಡುವುದು ಎಲ್ಲರೂ ಕಲಿಯಬೇಕಾದ ಅಭ್ಯಾಸ.

#4 ಅಳತೆಕೋಲು

ವೇಗದ ಪ್ರಶ್ನೆ ನನಗೆ ಬಿಡಿ.

ಬೇಕಾದ್ದು ಎರಡೇ ಅಳತೆ. ಪಾದದ ಉದ್ದ: ನಡುಬೆರಳಿನ ತುದಿಯಿಂದ ಹಿಮ್ಮಡಿಯ ಹಿಂಬದಿಗೆ. ಸ್ಟ್ರೈಡ್: ಒಂದೇ ಕಾಲಿನ ಎರಡು ಗುರುತುಗಳ ನಡುವಿನ ದೂರ, ಅಂದರೆ ಎಡದಿಂದ ಮುಂದಿನ ಎಡಕ್ಕೆ. ಎಡದಿಂದ ಬಲಕ್ಕೆ ಅಳೆದದ್ದು ಪೇಸ್, ಅದನ್ನೇ ಸ್ಟ್ರೈಡ್ ಎಂದು ಸೂತ್ರಕ್ಕೆ ಹಾಕಿದರೆ ವೇಗ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಪೇಸ್ ಕೂಡ ಬರೆದಿಟ್ಟುಕೊಳ್ಳಿ, ಹೆಜ್ಜೆಕೋನಕ್ಕೆ, ಅಂದರೆ ಸಾಲಾಗಿ ಬರುವ ಮೂರು ಗುರುತುಗಳ ನಡುವಿನ ಕೋನಕ್ಕೆ, ಬೇಕು.

ಪ್ರಾಣಿಶಾಸ್ತ್ರಜ್ಞ ಅಲೆಕ್ಸಾಂಡರ್ 1976ರಲ್ಲಿ ಕೊಟ್ಟ ಸೂತ್ರ, ಗುರುತ್ವವನ್ನು ಸೇರಿಸಿ ಸರಳಗೊಳಿಸಿದರೆ:

ವೇಗ (ಮೀ./ಸೆ.) = 0.783 × ಸ್ಟ್ರೈಡ್^1.67 × ಸೊಂಟದೆತ್ತರ^−1.17

ಸೊಂಟದೆತ್ತರ = ಪಾದದ ಉದ್ದ × 4. ಎಲ್ಲ ಅಳತೆ ಮೀಟರ್‌ನಲ್ಲಿ.

ಉದಾಹರಣೆಗೆ ಪಾದ 35 ಸೆಂ.ಮೀ., ಸ್ಟ್ರೈಡ್ 2.4 ಮೀ. ಎಂದುಕೊಳ್ಳಿ. ಸೊಂಟದೆತ್ತರ 1.4 ಮೀ. ವೇಗ 2.28 ಮೀ./ಸೆ., ಗಂಟೆಗೆ ಸುಮಾರು 8.2 ಕಿ.ಮೀ. ಸ್ಟ್ರೈಡನ್ನು ಸೊಂಟದೆತ್ತರದಿಂದ ಭಾಗಿಸಿದರೆ 1.71. ಈ ಭಾಗಲಬ್ಧ 2ಕ್ಕಿಂತ ಕಡಿಮೆ ಇದ್ದರೆ ನಡಿಗೆ, 2.9 ದಾಟಿದರೆ ಓಟ, ನಡುವಿನದು ದಾಪುಗಾಲು. ಹಾಗಾಗಿ ಇದು ನಡಿಗೆ. ಎರಡು ಪೇಸ್‌ಗಳೂ 1.22 ಮೀ. ಇದ್ದರೆ ಹೆಜ್ಜೆಕೋನ ಸುಮಾರು 159 ಡಿಗ್ರಿ.

ಎಲ್ಲಿ ಕೆಡುತ್ತದೆ? ಪಾದದ ಉದ್ದದಲ್ಲಿ. ಉಗುರು ಎಳೆದ ಗೀರನ್ನೂ ಸೇರಿಸಿ 35ರ ಬದಲು 39 ಸೆಂ.ಮೀ. ಬರೆದರೆ ಅದೇ ಸಾಲು 7.2 ಕಿ.ಮೀ. ವೇಗ ಕೊಡುತ್ತದೆ. ಹಾಗಾಗಿ ಒಂದೇ ಗುರುತನ್ನು ಅಳೆಯದೆ, ಸಾಲಿನ ಸ್ಪಷ್ಟವಾದ ಗುರುತುಗಳನ್ನಷ್ಟೇ ಆರಿಸಿ ಸರಾಸರಿ ತೆಗೆಯಿರಿ. ಉಗುರು ಸೇರಿಸಿದ್ದೀರೋ ಇಲ್ಲವೋ ಎಂದು ಅಳತೆಯ ಪಕ್ಕದಲ್ಲೇ ಬರೆಯಿರಿ. ಇದನ್ನು ಬರೆಯದ ಅಳತೆಯನ್ನು ಬೇರೆಯವರು ಉಪಯೋಗಿಸುವ ಹಾಗಿಲ್ಲ.

#5 ಮೂರ್ಬೆರಳು

ಅಳತೆಕೋಲು ಅವರೇ, 4ರಿಂದ ಗುಣಿಸುವುದನ್ನು ಅಷ್ಟು ಸಲೀಸಾಗಿ ಬಿಡಬೇಡಿ. ಪಾದ 25 ಸೆಂ.ಮೀ. ದಾಟಿದ ಥೆರೊಪಾಡ್‌ಗಳಿಗೆ ಥಲ್ಬಾರ್ನ್ ಸೂಚಿಸಿದ್ದು 4.9. ನಿಮ್ಮದೇ ಉದಾಹರಣೆಗೆ ಹಾಕಿದರೆ ಸೊಂಟದೆತ್ತರ 1.7 ಮೀ. ದಾಟುತ್ತದೆ, ವೇಗ ಗಂಟೆಗೆ 6.5 ಕಿ.ಮೀ.ಗೆ ಇಳಿಯುತ್ತದೆ. ಕಲ್ಲು ಅದೇ, ಟೇಪು ಅದೇ, ಉತ್ತರದಲ್ಲಿ ಐದನೇ ಒಂದು ಭಾಗ ವ್ಯತ್ಯಾಸ. ದಶಮಾಂಶದ ಎರಡು ಸ್ಥಾನದವರೆಗೆ ವೇಗ ಬರೆಯುವುದಕ್ಕೆ ಅರ್ಥವೇ ಇಲ್ಲ.

#6 ಅಳತೆಕೋಲು

ಒಪ್ಪುತ್ತೇನೆ, ವ್ಯಾಪ್ತಿಯಾಗಿಯೇ ಕೊಡಬೇಕು. ಸ್ಪೇನ್‌ನ ಲಾ ರಿಯೋಹಾದ ಇಗೆಯಾದಲ್ಲಿ ಸಿಕ್ಕ ಎರಡು ಓಟದ ಸಾಲುಗಳನ್ನು 2021ರಲ್ಲಿ ಪ್ರಕಟಿಸಿದವರು ಹಾಗೆಯೇ ಮಾಡಿದ್ದಾರೆ: ಒಂದಕ್ಕೆ ಗಂಟೆಗೆ 23.4ರಿಂದ 37.1 ಕಿ.ಮೀ., ಇನ್ನೊಂದಕ್ಕೆ 31.7ರಿಂದ 44.6. ಥೆರೊಪಾಡ್ ಸಾಲುಗಳಿಂದ ಸಿಕ್ಕ ಅತಿ ಹೆಚ್ಚು ವೇಗಗಳ ಪಟ್ಟಿಯಲ್ಲಿ ಇವು ಬರುತ್ತವೆ. ಹಾಗಿದ್ದೂ ವ್ಯಾಪ್ತಿ ಎಷ್ಟು ಅಗಲ ನೋಡಿ.

ಆದರೆ ಒಂದು ಮಾತು. ಒಂದೇ ಬಂಡೆಯ ಮೇಲಿನ ಹತ್ತು ಸಾಲುಗಳನ್ನು ಒಂದಕ್ಕೊಂದು ಹೋಲಿಸುವಾಗ 4 ಹಾಕಿದರೂ 4.9 ಹಾಕಿದರೂ ಯಾವುದು ಬೇಗ, ಯಾವುದು ನಿಧಾನ ಎಂಬ ಕ್ರಮ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಸೂತ್ರದ ನಿಜವಾದ ಉಪಯೋಗ ಅಲ್ಲಿದೆ. ಮತ್ತೆ, ಓಟದ ಸಾಲುಗಳು ಅಪರೂಪ. ಮೆದು ಕೆಸರಿನಲ್ಲಿ ಯಾವ ಪ್ರಾಣಿಯೂ ಜಾರಿ ಬೀಳುವಂತೆ ಓಡುವುದಿಲ್ಲ, ಗುರುತು ಉಳಿಯುವುದು ಮಾತ್ರ ಮೆದು ಕೆಸರಿನಲ್ಲೇ.

#7 ಕೆಂಪುಕಲ್ಲು

ಹೆಸರಿಡುವ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೀರಾ? ಗ್ರಲ್ಲೇಟರ್, ಆಂಕಿಸಾರಿಪಸ್, ಯೂಬ್ರಾಂಟೀಸ್ ಎಂಬ ಮೂರು ಬಗೆಯ ಗುರುತುಗಳನ್ನೂ ಬರೀ ಗಾತ್ರದ ಮೇಲೆ ವಿಂಗಡಿಸಿದಂತಿದೆ.

#8 ಮೂರ್ಬೆರಳು

ಗಾತ್ರ ಮುಖ್ಯ, ಆದರೆ ಅದೊಂದೇ ಅಲ್ಲ. ರೂಢಿಯಲ್ಲಿ 15 ಸೆಂ.ಮೀ. ಒಳಗಿನದು ಗ್ರಲ್ಲೇಟರ್, 15ರಿಂದ 25 ಆಂಕಿಸಾರಿಪಸ್, ಅದಕ್ಕೂ ದೊಡ್ಡದು ಯೂಬ್ರಾಂಟೀಸ್. ಜೊತೆಗೆ ಆಕಾರವೂ ಬದಲಾಗುತ್ತದೆ: ಸಣ್ಣದರಲ್ಲಿ ನಡುಬೆರಳು ಪಕ್ಕದ ಬೆರಳುಗಳನ್ನು ದಾಟಿ ಬಹಳ ಮುಂದೆ ಚಾಚುತ್ತದೆ, ದೊಡ್ಡದಾದಂತೆ ಆ ಚಾಚು ಕಡಿಮೆಯಾಗಿ ಗುರುತು ಅಗಲವಾಗುತ್ತದೆ. ಈ ಬದಲಾವಣೆ ಎಲ್ಲೂ ಕಡಿಯದೆ ಸಾಗುವುದರಿಂದ, ಮರಿಯಿಂದ ದೊಡ್ಡದಾಗುವವರೆಗಿನ ಬೆಳವಣಿಗೆಯೂ ಇದರಲ್ಲಿ ಸೇರಿರಬಹುದು ಎಂದು ಪಾಲ್ ಓಲ್ಸನ್ ವಾದಿಸಿದ್ದಾರೆ. ನನಗೆ ಆ ವಾದ ಬಲವಾಗಿಯೇ ಕಾಣುತ್ತದೆ.

ರಾಕಿ ಹಿಲ್ ಇರುವ ಕನೆಕ್ಟಿಕಟ್ ಕಣಿವೆಯ ಗುರುತುಗಳನ್ನು 1836ರಲ್ಲಿ ಮೊದಲು ಶಾಸ್ತ್ರೀಯವಾಗಿ ವಿವರಿಸಿದ ಎಡ್ವರ್ಡ್ ಹಿಚ್‌ಕಾಕ್ ಇವನ್ನು ದೊಡ್ಡ ಹಕ್ಕಿಗಳವು ಎಂದು ತಿಳಿದಿದ್ದರು. ಡೈನೋಸಾರ್ ಎಂಬ ವರ್ಗವನ್ನು ಓವನ್ ಹೆಸರಿಸಿದ್ದೇ 1842ರಲ್ಲಿ. ಮೂಳೆಗಳ ವಿಷಯದಲ್ಲಿ ಈ ಕಣಿವೆ ಬಹಳ ಬಡವು. ಮಿಗ್ನಾನ್ ಟಾಲ್ಬಟ್ 1910ರಲ್ಲಿ ಗುರುತಿಸಿದ ಪೊಡೊಕೆಸಾರಸ್ ಎಂಬ ಸಣ್ಣ ಥೆರೊಪಾಡ್ ಒಂದಿತ್ತು, ಆ ಮೂಲ ಮೂಳೆಗಳೂ ಬೆಂಕಿಯಲ್ಲಿ ಹೋದವು. ದೊಡ್ಡ ಬೇಟೆಗಾರ ಅಲ್ಲಿ ಇತ್ತು ಎಂಬುದಕ್ಕೆ ಹೆಜ್ಜೆಯೇ ಸಾಕ್ಷಿ.

#9 ಗುಡ್ಡದಹಾದಿ

ಮೊಬೈಲ್ ಕ್ಯಾಮೆರಾದಲ್ಲೇ ಮೂರು ಆಯಾಮದ ಮಾದರಿ ಮಾಡಬಹುದಾ? ಎಷ್ಟು ಫೋಟೋ ಬೇಕು?

#10 ಬೆಳಕುನೆರಳು

ಮಾಡಬಹುದು. 35 ಸೆಂ.ಮೀ. ಗುರುತಿಗೆ 30ರಿಂದ 40 ಫೋಟೋ ಸಾಕು, ತೆಗೆಯುವ ರೀತಿ ಸರಿಯಿದ್ದರೆ.

ಗುರುತಿನಲ್ಲಿರುವ ಸಡಿಲ ಮಣ್ಣು, ಎಲೆ, ನೀರನ್ನು ಮೆತ್ತನೆ ಬ್ರಷ್ ಮತ್ತು ಸ್ಪಂಜಿನಿಂದ ತೆಗೆಯಿರಿ. ಒದ್ದೆ ಕಲೆ ಹೊಳೆದರೆ ಸಾಫ್ಟ್‌ವೇರ್‌ಗೆ ಬಿಂದುಗಳು ಸಿಗದೆ ಅಲ್ಲಿ ತೂತು ಬೀಳುತ್ತದೆ. ಕನಿಷ್ಠ ಎರಡು ಅಳತೆಪಟ್ಟಿಗಳನ್ನು ಗುರುತಿನ ಹೊರಗೆ, ಒಂದಕ್ಕೊಂದು ಅಡ್ಡಲಾಗಿ ಇಡಿ, ಮುಗಿಯುವವರೆಗೂ ಅಲುಗಾಡಿಸಬೇಡಿ. ಜೂಮ್ ಬದಲಿಸಬೇಡಿ, ಫೋಕಸ್ ಲಾಕ್ ಮಾಡಿ, ಫ್ಲ್ಯಾಶ್ ಬೇಡವೇ ಬೇಡ. ಮೊದಲು ನೇರ ಮೇಲಿನಿಂದ ಸಾಲುಸಾಲಾಗಿ, ಪ್ರತಿ ಫೋಟೋ ಹಿಂದಿನದರ ಮೂರನೇ ಎರಡು ಭಾಗವನ್ನಾದರೂ ಒಳಗೊಳ್ಳುವಂತೆ. ಆಮೇಲೆ ಸುಮಾರು 45 ಡಿಗ್ರಿ ಓರೆಯಲ್ಲಿ ಸುತ್ತ ಒಂದು ಸುತ್ತು. ಈ ಓರೆ ಸುತ್ತನ್ನು ಬಿಟ್ಟವರ ಮಾದರಿಯಲ್ಲಿ ಚಪ್ಪಟೆ ಬಂಡೆಯೇ ಬಟ್ಟಲಿನಂತೆ ಬಾಗಿ ಬರುತ್ತದೆ. ಗುರುತಿನ ಆಳ ತಪ್ಪಾಗುತ್ತದೆ, ಆದರೆ ನೋಡಲು ಮಾದರಿ ಚೆನ್ನಾಗಿಯೇ ಇರುವುದರಿಂದ ತಪ್ಪು ಗೊತ್ತಾಗುವುದಿಲ್ಲ.

ಬೆಳಕಿನ ವಿಷಯದಲ್ಲಿ ಎರಡು ಕೆಲಸ ಬೇರೆ ಬೇರೆ. ಮಾದರಿಗೆ ಮೋಡದ ಬೆಳಕು ಅಥವಾ ಇಡೀ ಗುರುತಿಗೆ ನೆರಳು ಬೇಕು. ಒಂಟಿ ಫೋಟೋಗೆ ಬೇಕಾದ್ದು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು. ನಡುಹಗಲಿನಲ್ಲಿ ಒಳ್ಳೆಯ ಗುರುತೂ ಕಣ್ಣಿಗೆ ಬೀಳುವುದಿಲ್ಲ.

ಫೋಟೋಗಳಿಂದ ಮಾದರಿ ಕಟ್ಟುವ ಸಾಫ್ಟ್‌ವೇರ್‌ಗಳಲ್ಲಿ ಮೆಟಾಶೇಪ್ ದುಡ್ಡಿನದು, ಮೆಶ್‌ರೂಮ್ ಉಚಿತ. ಮಾದರಿಯನ್ನು ಕ್ಲೌಡ್‌ಕಂಪೇರ್ ಎಂಬ ಇನ್ನೊಂದು ಸಾಫ್ಟ್‌ವೇರ್‌ಗೆ ತಂದು, ಗುರುತಿನ ಸುತ್ತಲಿನ ಬಂಡೆಗೆ ಸಮತಲ ಕೂರಿಸಿ, ಎತ್ತರಕ್ಕೆ ತಕ್ಕಂತೆ ಬಣ್ಣ ಕೊಡಿ. ಮೆತ್ತೆ, ಕಚ್ಚು, ಏರಿ ಎಲ್ಲ ಬಣ್ಣದಲ್ಲೇ ಬಿಡಿಬಿಡಿಯಾಗಿ ಕಾಣುತ್ತವೆ. ಮೂಲ ಫೋಟೋಗಳನ್ನು ಅಳಿಸಬೇಡಿ. ಸಾಫ್ಟ್‌ವೇರ್ ಸುಧಾರಿಸಿದಂತೆ ಅವೇ ಫೋಟೋಗಳಿಂದ ಮುಂದೆ ಇನ್ನೂ ಒಳ್ಳೆಯ ಮಾದರಿ ಬರುತ್ತದೆ.

#11 ಅಚ್ಚುಮನೆ

ಪಡಿಯಚ್ಚಿನ ಪ್ರಶ್ನೆ ಉಳಿಯಿತು. ರಾಕಿ ಹಿಲ್‌ನಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಇದಕ್ಕೆಂದೇ ಹೊರಗೆ ಬಿಟ್ಟಿರುವ ಗುರುತುಗಳ ಮೇಲೆ ಸಂದರ್ಶಕರೇ ಪ್ಲಾಸ್ಟರ್ ಸುರಿದು ಅಚ್ಚು ತೆಗೆದುಕೊಳ್ಳಬಹುದು. ಒಂದಕ್ಕೆ ಸುಮಾರು 4.5 ಕೆ.ಜಿ. ಪ್ಲಾಸ್ಟರ್ ಆಫ್ ಪ್ಯಾರಿಸ್, ಕಾಲು ಕಪ್ ಅಡುಗೆ ಎಣ್ಣೆ, ಬಟ್ಟೆ ಚೂರು, ಬಕೆಟ್ ಬೇಕು.

ಗುರುತನ್ನು ಒರೆಸಿ ಎಣ್ಣೆಯನ್ನು ತೆಳ್ಳಗೆ ಸವರಿ. ಬೆರಳಿನ ತುದಿಯ ಉಗುರಿನ ತಗ್ಗಿನಲ್ಲಿ ಎಣ್ಣೆ ನಿಂತರೆ ಅಚ್ಚಿನಲ್ಲಿ ಉಗುರು ಮೊಂಡಾಗುತ್ತದೆ, ಬಟ್ಟೆಯಿಂದ ಹೀರಿಸಿ. ಎಣ್ಣೆ ತಾಗದ ಚುಕ್ಕೆ ಉಳಿದರೆ ಪ್ಲಾಸ್ಟರ್ ಅಲ್ಲಿ ಕಚ್ಚಿಕೊಳ್ಳುತ್ತದೆ. 4.5 ಕೆ.ಜಿ.ಗೆ ಸುಮಾರು 3 ಲೀಟರ್ ನೀರು. ನೀರಿಗೆ ಪ್ಲಾಸ್ಟರ್ ಉದುರಿಸಬೇಕು, ಪ್ಲಾಸ್ಟರ್‌ಗೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಒಂದೆರಡು ನಿಮಿಷ ನೆನೆಯಲು ಬಿಟ್ಟು, ನಿಧಾನ ಕಲಸಿ. ರಭಸದಿಂದ ಕಲಸಿದರೆ ಗುಳ್ಳೆ ಸೇರಿ ಅಚ್ಚಿನ ಮುಖದಲ್ಲಿ ತೂತು ಬೀಳುತ್ತದೆ. ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಒಂದು ಅಂಚಿನಿಂದ ಸುರಿಯಿರಿ, ತಾನಾಗಿ ಬೆರಳುಗಳಿಗೆ ಹರಿಯಲಿ. ಅಂಚಿನಲ್ಲೂ 3 ಸೆಂ.ಮೀ. ದಪ್ಪ ಇರಲಿ, ಇಲ್ಲದಿದ್ದರೆ ಎತ್ತುವಾಗ ಬೆರಳು ಮುರಿಯುತ್ತದೆ. ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಆ ಬಿಸಿ ಪೂರ್ತಿ ಆರಿದ ಮೇಲಷ್ಟೇ ಎತ್ತಬೇಕು. ಬೇಗ ಗಟ್ಟಿಯಾಗಲೆಂದು ಉಪ್ಪು ಹಾಕುವುದನ್ನು ನಾನು ಒಪ್ಪುವುದಿಲ್ಲ, ಉಪ್ಪು ಕಲ್ಲಿನೊಳಗೆ ಇಳಿದು ಹರಳಾಗಿ ಮೇಲ್ಮೈಯನ್ನೇ ಒಡೆಯುತ್ತದೆ.

#12 ಕೆಸರುಪದರ

ಅಚ್ಚುಮನೆ ಅವರ ವಿವರಣೆ ಆ ಜಾಗಕ್ಕೆ ಮಾತ್ರ. ಬೇರೆಲ್ಲೂ ಇದನ್ನು ಮಾಡಬಾರದು. ಪ್ಲಾಸ್ಟರ್ ಗಟ್ಟಿಯಾಗುವಾಗ ಸ್ವಲ್ಪ ಹಿಗ್ಗುತ್ತದೆ, ಬಿರುಕಿಗೆ ಇಳಿದದ್ದು ಎತ್ತುವಾಗ ಕಲ್ಲಿನ ಚಕ್ಕೆಯನ್ನೂ ಕಿತ್ತು ತರುತ್ತದೆ. ರಂಧ್ರವಿರುವ ಮರಳುಗಲ್ಲಿಗೆ ಎಣ್ಣೆ ಇಳಿದರೆ ಕಲೆ ಹೋಗುವುದಿಲ್ಲ. ಸಂಶೋಧನೆಗೆ ಪಡಿಯಚ್ಚು ಬೇಕೇ ಬೇಕು ಎನ್ನುವಾಗ ಬಾಗುವ ಸಿಲಿಕಾನ್ ರಬ್ಬರ್ ಬಳಸುತ್ತಾರೆ, ಅದೂ ಅನುಮತಿ ಇರುವ ತಜ್ಞರು, ಬಿರುಕುಗಳನ್ನು ಮೊದಲು ಮುಚ್ಚಿ. ಕಲ್ಲನ್ನು ಮುಟ್ಟದ ಫೋಟೋ ಮಾದರಿ ಈಗ ಎಲ್ಲರ ಕೈಗೆಟುಕುವಾಗ ನನ್ನ ಮೊದಲ ಆಯ್ಕೆ ಅದೇ.

#13 ಅಚ್ಚುಮನೆ

ಪೂರ್ತಿ ಒಪ್ಪುತ್ತೇನೆ. ಅನುಮತಿಯಿರುವ ಗುರುತು ಬಿಟ್ಟು ಬೇರೆ ಯಾವುದಕ್ಕೂ ಎಣ್ಣೆಯನ್ನಾಗಲಿ ಪ್ಲಾಸ್ಟರನ್ನಾಗಲಿ ತಾಗಿಸಬೇಡಿ.

#14 ಮಲಪ್ರಭಾದಂಡಿ

ಭಾಳ ಛಲೋ ಮಾಹಿತಿ ಕೊಟ್ಟೀರಿ. ನಮ್ಮ ಬಾದಾಮಿ ಬಂಡಿ ಮ್ಯಾಲೂ ಅಲ್ಲಲ್ಲಿ ಮೂರು ಬೆರಳಿನಂಥಾ ತಗ್ಗು ಕಾಣ್ತಾವ್ರಿ. ತೆರಿ ತೆರಿ ಬರಿ ಇರೋ ಮರಳುಗಲ್ಲ ಐತಿ. ಅವು ಡೈನೋಸಾರ್ ಹೆಜ್ಜಿ ಇರಬಹುದೇನ್ರಿ?

#15 ಕೆಸರುಪದರ

ಇಲ್ಲ ಸರ್. ಬಾದಾಮಿಯ ಮರಳುಗಲ್ಲು ಡೈನೋಸಾರ್‌ಗಳು ಹುಟ್ಟುವುದಕ್ಕಿಂತ ಎಷ್ಟೋ ಕೋಟಿ ವರ್ಷ ಮೊದಲಿನದು. ಕಾಲಿರುವ ಪ್ರಾಣಿಯೇ ಆಗ ಭೂಮಿಯ ಮೇಲೆ ಇರಲಿಲ್ಲ. ನೀವು ಹೇಳುವ ತೆರೆಯಂಥ ಬರೆಗಳು ಮಾತ್ರ ನಿಜವಾದ ಅಲೆಗುರುತುಗಳು, ಹಳೆಯ ನೀರಿನ ಹರಿವಿನವು, ಅವೂ ಅಷ್ಟೇ ಅಮೂಲ್ಯ. ತಗ್ಗುಗಳು ಮಳೆ ಗಾಳಿಗೆ ಸವೆದವು. ಪರೀಕ್ಷೆ ಸುಲಭ: ಸುತ್ತ ಏರಿ ಇಲ್ಲ, ಅದೇ ಗಾತ್ರದ ಇನ್ನೊಂದು ತಗ್ಗು ಎಡ ಬಲ ಎಂಬ ಕ್ರಮದಲ್ಲಿ ಸಿಗುವುದಿಲ್ಲ, ಮತ್ತು ತಗ್ಗು ಬಿರುಕಿನ ಗೆರೆಯನ್ನೇ ಹಿಡಿದು ಹೋಗಿರುತ್ತದೆ.

ಕರ್ನಾಟಕದ ನೆಲದಲ್ಲಿ ಬಹುಪಾಲು ಇಂಥ ಅತಿ ಹಳೆಯ ಶಿಲೆ, ಉತ್ತರದಲ್ಲಿ ದಖ್ಖನ್ನಿನ ಲಾವಾ. ಜುರಾಸಿಕ್ ಕಾಲದ ಕೆಸರು ಗಟ್ಟಿಯಾದ ಪದರ ಬೇಕಾದರೆ ರಾಜಸ್ಥಾನಕ್ಕೋ ಕಚ್ಛಕ್ಕೋ ಹೋಗಬೇಕು.

#16 ಮೂರ್ಬೆರಳು

ರಾಜಸ್ಥಾನದಲ್ಲಿ ಸಿಕ್ಕೂ ಇವೆ. ಜೈಸಲ್ಮೇರ್ ಹತ್ತಿರದ ಥೈಯಾತ್ ಗ್ರಾಮದ ಬಳಿ, ಲಾಠಿ ಪದರದಲ್ಲಿ, ಯೂಬ್ರಾಂಟೀಸ್ ಮತ್ತು ಗ್ರಲ್ಲೇಟರ್ ಎರಡೂ ವರದಿಯಾಗಿವೆ. ದೊಡ್ಡದು 30 ಸೆಂ.ಮೀ. ಆಸುಪಾಸು, ಸಣ್ಣದು 5ರಿಂದ 6 ಸೆಂ.ಮೀ. ರಾಕಿ ಹಿಲ್‌ನಂತೆಯೇ ಜುರಾಸಿಕ್ ಆರಂಭದ ಕಾಲ. ಆಗ ಖಂಡಗಳು ಇನ್ನೂ ಪೂರ್ತಿ ಬೇರೆಯಾಗಿರಲಿಲ್ಲ, ಒಂದೇ ಬಗೆಯ ಗುರುತು ಎರಡೂ ಕಡೆ ಸಿಗುವುದು ಸಹಜ.

#17 ಗುಡ್ಡದಹಾದಿ

ಅಂಥ ಜಾಗಕ್ಕೆ ಹೋದಾಗ ಹೊಸ ಗುರುತು ಕಣ್ಣಿಗೆ ಬಿದ್ದರೆ ಏನು ಮಾಡಬೇಕು?

#18 ಬೆಳಕುನೆರಳು

ಕೀಳಬೇಡಿ, ಸೀಮೆಸುಣ್ಣದಿಂದ ಅಂಚು ಬರೆಯಬೇಡಿ. ಸೀಮೆಸುಣ್ಣದ ಗೆರೆ ಫೋಟೋದಲ್ಲಿ ಉಳಿದುಬಿಡುತ್ತದೆ, ಆಮೇಲೆ ನೋಡುವವರೆಲ್ಲ ನಿಮ್ಮ ಗೆರೆಯನ್ನೇ ಅಂಚು ಎಂದು ಓದುತ್ತಾರೆ. ಮೊಬೈಲ್‌ನಲ್ಲಿ ಜಿಪಿಎಸ್ ಸ್ಥಾನ ಬರೆದುಕೊಳ್ಳಿ. ಅಳತೆಪಟ್ಟಿ ಇಟ್ಟು ನೇರ ಮೇಲಿನಿಂದ ಒಂದು ಫೋಟೋ, ಬಂಡೆ ಇಡಿಯಾಗಿ ಕಾಣುವಂತೆ ದೂರದಿಂದ ಒಂದು, ಒಡೆದ ಅಂಚಿದ್ದರೆ ಪದರ ಕಾಣುವಂತೆ ಅಡ್ಡದಿಂದ ಒಂದು. ಉತ್ತರ ದಿಕ್ಕಿಗೆ ಬಾಣದ ಚೀಟಿ ಇಡಿ. ಚಪ್ಪಡಿ ಬಿದ್ದದ್ದೋ ಅಥವಾ ಇದ್ದ ಜಾಗದಲ್ಲೇ ಇರುವುದೋ ಬರೆಯಿರಿ, ಬಿದ್ದದ್ದಾದರೆ ದಿಕ್ಕಿಗೆ ಬೆಲೆಯಿಲ್ಲ. ಗುರುತು ತಗ್ಗಾಗಿದೆಯೋ ಉಬ್ಬಾಗಿದೆಯೋ ಎಂಬುದನ್ನೂ ಬರೆಯಿರಿ, ಫೋಟೋದಲ್ಲಿ ಕಣ್ಣು ಎರಡನ್ನೂ ಅದಲುಬದಲು ಮಾಡಿಬಿಡುತ್ತದೆ. ಉಬ್ಬಾಗಿದ್ದರೆ ಅದು ಮೇಲಿನ ಪದರದ ಅಡಿಭಾಗ, ಎಡ ಬಲ ತಿರುಗಿರುತ್ತದೆ. ಇಷ್ಟನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಪ್ರಾದೇಶಿಕ ಕಚೇರಿಗೋ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಕಳಿಸಿ. ಅವರು ನೋಡುವ ಮೊದಲು ನಿಖರ ಸ್ಥಾನವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ.